ಪರೀಕ್ಷೆಯ ನಂತರ ಹಿಮಾಲಯ ಚಾರಣ

ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ, ಮೇ ತಿಂಗಳಲ್ಲಿ ಹಿಮಾಲಯ. ಅಹಮದಾಬಾದ್, ವಡೋದರಾ, ಸೂರತ್‌ಗಳ ನಮ್ಮ ಕೆಲವು ಮನೆಗಳಲ್ಲಿ ಈ ಎರಡೂ ಸಿದ್ಧತೆಗಳು ಜೊತೆಜೊತೆಗೇ ಸಾಗುತ್ತವೆ. ಓದಿನ ನಡುವೆ ದಿನಕ್ಕೊಂದು ಗಂಟೆಯ ನಡಿಗೆ ಕಾಲಿಗೆ ಬಲ ನೀಡಿ ದುಗುಡವನ್ನೂ ತಗ್ಗಿಸುತ್ತದೆ, ಅದು ಕಾಲಹರಣವಲ್ಲ. ರಜೆಯಲ್ಲಿ ಪಾವಾಗಢ, ಗಿರನಾರಗಳ ಮೆಟ್ಟಿಲುಗಳಂತೂ ಇದ್ದೇ ಇವೆ.

ಆದರೆ ನಮ್ಮ ಬಯಲುಸೀಮೆಯಲ್ಲಿ ಎಷ್ಟೇ ಓಡಿದರೂ ದೇಹವು ತೆಳುಗಾಳಿಗೆ ಒಗ್ಗದು. ಅದು ಬೆಟ್ಟದ ಮೇಲೆಯೇ, ನಿಧಾನವಾಗಿ ಆಗಬೇಕು. 3000 ಮೀಟರ್ ದಾಟಿದ ಬಳಿಕ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಲಹೆ.

ನಮ್ಮ ಚಿಂತೆ ಬೇರೆಯೇ. ತಲೆನೋವನ್ನು ನುಂಗಿಕೊಂಡು ಓದುವುದು ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ರೂಢಿಯಾಗಿರುತ್ತದೆ. ಮೇಲೆ ಹಾಗೆಯೇ ತಲೆನೋವು, ವಾಕರಿಕೆಗಳನ್ನು ಮುಚ್ಚಿಟ್ಟು ಏರಿದರೆ ಮಿದುಳು, ಶ್ವಾಸಕೋಶಗಳಲ್ಲಿ ನೀರು ತುಂಬಿ ಪ್ರಾಣಕ್ಕೇ ಕುತ್ತಾದೀತು. ಲಕ್ಷಣ ಕಂಡೊಡನೆ ತಂಡದ ನಾಯಕರಿಗೆ ತಿಳಿಸಿ ಅಲ್ಲೇ ನಿಲ್ಲಬೇಕು. ಉಲ್ಬಣಿಸಿದರೆ, ರಾತ್ರಿಯಾದರೂ ಸರಿ, ಜೊತೆಗಾರರೊಡನೆ ಕೆಳಗಿಳಿಯಬೇಕು.