ಹಳೆಯ ತೆರೆದ ಕಾರು ಕೊಳ್ಳುವ ಮುನ್ನ

ಮನೆಗೊಂದು ವಾಹನವಿರುವುದು ಈ ಕಾಲದಲ್ಲಿ ವಿಶೇಷವೇನಲ್ಲ. ತೋಟದ ಕೆಲಸ, ಮಕ್ಕಳ ಶಾಲೆ, ವೃದ್ಧರ ಔಷಧೋಪಚಾರ, ಬಂಧುಗಳ ಮನೆಯ ಶುಭಕಾರ್ಯ, ಎಲ್ಲಕ್ಕೂ ಅದು ಬೇಕಾಗಿದೆ. ಆದರೆ ಮೇಲ್ಛಾವಣಿಯನ್ನು ಹಿಂದಕ್ಕೆ ಮಡಚಿ ಬಯಲಿನಲ್ಲಿ ಕುಳಿತಂತೆ ಓಡಿಸುವ, ಇಬ್ಬರಿಗೆ ಮಾತ್ರ ಸ್ಥಳವಿರುವ ಕಾರು ಆಯನೂರಿನಂತಹ ಊರಿನ ಗೃಹಸ್ಥರ ಮನೆಗೆ ಏಕೆ ಬೇಕು? ಕಳೆದ ವರ್ಷ ನಮ್ಮ ತಮ್ಮನ ಮಗನು ಇಂತಹ ಹಳೆಯ ಕಾರೊಂದನ್ನು ಕೊಳ್ಳುವ ಆಸೆಯನ್ನು ಮನೆಯವರ ಮುಂದಿಟ್ಟಾಗ ನಮ್ಮ ಮನದಲ್ಲಿ ಮೊದಲು ಮೂಡಿದ ಪ್ರಶ್ನೆ ಇದೇ ಆಗಿತ್ತು. ಅದಕ್ಕೆ ಉತ್ತರ ಹುಡುಕುತ್ತ ಹೊರಟ ನಮಗೆ ನಮ್ಮದೇ ಹಳೆಯ ತಪ್ಪೊಂದು ಎದುರಾಯಿತು. ಅದನ್ನು ವಾಚಕರ ಮುಂದಿಡುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹುಡುಗನು ಮೆಚ್ಚಿದ್ದು ವಿದೇಶದ ಕಾರನ್ನಲ್ಲ, ನಮ್ಮ ದೇಶದಲ್ಲೇ ತಯಾರಾದ 'ಸ್ಯಾನ್ ಸ್ಟಾರ್ಮ್' ಎಂಬುದನ್ನು. ರೈಲು ಎಂಜಿನುಗಳ ತಯಾರಿಕೆಯಿಂದ ಹೆಸರಾದ ಬೆಂಗಳೂರಿನ ಸ್ಯಾನ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಗೋವಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ಫ್ರಾನ್ಸಿನ ರೆನೊ ಸಂಸ್ಥೆಯ ಸುಮಾರು 1.2 ಲೀಟರಿನ ಎಂಜಿನನ್ನು ಜೋಡಿಸಲಾಗಿತ್ತು. ಹೊರಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಹೀಗಾಗಿ ಇದನ್ನು ಬಯಸುವವರು ಹಳೆಯದನ್ನೇ ಕೊಳ್ಳಬೇಕು. ಶಿವಮೊಗ್ಗ ನಗರದ ಸದ್ಗೃಹಸ್ಥರೊಬ್ಬರಲ್ಲಿ 2004ರಲ್ಲಿ ನೋಂದಣಿಯಾದ ಒಂದು ಕಾರು ಮಾರಾಟಕ್ಕಿತ್ತು.

"ದೊಡ್ಡಪ್ಪ, ನೀವು ಒಂದು ಸಲ ಬಂದು ನೋಡಿ. ನೀವು ಬೇಡವೆಂದರೆ ಬಿಟ್ಟುಬಿಡುತ್ತೇನೆ" ಎಂದು ಅವನು ಕೇಳಿಕೊಂಡನು. ಬೇಡವೆಂದು ಹೇಳುವ ನಿರ್ಧಾರದಿಂದಲೇ ನಾವು ಹೊರಟೆವೆಂಬುದನ್ನು ಮುಚ್ಚಿಡಲಾರೆವು. ಆ ನಿರ್ಧಾರದ ಹಿಂದೆ ಒಂದು ಹಳೆಯ ನೋವಿತ್ತು.

1994ರಲ್ಲಿ ನಮ್ಮ ತೋಟದ ಕೆಲಸಕ್ಕಿದ್ದ ಜೀಪನ್ನು ಪರಿಚಿತರೊಬ್ಬರಿಗೆ ಮಾರಿದೆವು. ಅದು ನಮ್ಮ ಹೆಸರಿನಲ್ಲಿತ್ತು. ಹಣ ಎಣಿಸಿಕೊಂಡು, ಕಾಗದಗಳಿಗೆ ಸಹಿ ಹಾಕಿ, ವೀಳ್ಯ ಕೊಟ್ಟು ಕಳುಹಿಸಿದೆವು. 'ಹೆಸರು ಬದಲಾಯಿಸಿಕೊಂಡಿರಾ?' ಎಂದು ಮತ್ತೆ ಕೇಳುವುದು ಅಪನಂಬಿಕೆಯ ಮಾತಾದೀತೆಂಬ ಸಂಕೋಚದಿಂದ ಸುಮ್ಮನಿದ್ದೆವು. ನಾಲ್ಕು ವರ್ಷಗಳ ನಂತರ ನ್ಯಾಯಾಲಯದ ನೋಟೀಸು ನಮ್ಮ ಮನೆಯ ಬಾಗಿಲಿಗೆ ಬಂದಿತು. ಆ ಜೀಪು ಕೈಯಿಂದ ಕೈಗೆ ದಾಟಿ, ಸೈಕಲ್ ಮೇಲೆ ಹೋಗುತ್ತಿದ್ದ ಕೂಲಿಕಾರರೊಬ್ಬರಿಗೆ ಡಿಕ್ಕಿ ಹೊಡೆದಿತ್ತು. ವಿಮೆಯನ್ನು ಯಾರೂ ಕಟ್ಟಿರಲಿಲ್ಲ. ಕಛೇರಿಯ ದಾಖಲೆಯಲ್ಲಿ ಮಾಲೀಕರು ನಾವೇ! ಹಣದ ನಷ್ಟವನ್ನು ನಾವು ಹೇಗೋ ತಾಳಿಕೊಂಡೆವು. ಆದರೆ ಯಾರು ಕೊಡಬೇಕೆಂಬ ವಾದವಿವಾದದಲ್ಲಿ ಕಾಲು ಮುರಿದುಕೊಂಡ ಆ ಮನುಷ್ಯರಿಗೆ ಪರಿಹಾರ ದೊರೆಯುವುದು ಎರಡು ವರ್ಷ ತಡವಾಯಿತು. ನಮ್ಮ ಸಂಕೋಚದ ಬೆಲೆಯನ್ನು ತೆತ್ತವರು ಅವರು.

ಇದು ನಮ್ಮೊಬ್ಬರ ಕಥೆಯಲ್ಲ. 2018ರಲ್ಲಿ ನವೀನ್ ಕುಮಾರ್ ಹಾಗೂ ವಿಜಯ್ ಕುಮಾರ್ ಎಂಬವರ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ವಿಷಯವನ್ನು ಸ್ಪಷ್ಟಪಡಿಸಿದೆ. ವಾಹನವು ಎಷ್ಟು ಕೈ ಬದಲಾಯಿಸಿದ್ದರೂ ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂಬುದು ಆ ತೀರ್ಪಿನ ಸಾರ. ಗಾಯಗೊಂಡವರು ನಿಜವಾದ ಮಾಲೀಕರನ್ನು ಹುಡುಕುತ್ತ ಅಲೆಯಬಾರದೆಂಬುದೇ ಅದರ ಉದ್ದೇಶ.

1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಸಾರಿಗೆ ಕಛೇರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ಇದಕ್ಕೆ 29 ಮತ್ತು 30ನೆಯ ಸಂಖ್ಯೆಯ ನಮೂನೆಗಳಿವೆ. ಹೊರರಾಜ್ಯದ ವಾಹನವಾದರೆ ಅಲ್ಲಿನ ಕಛೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಡಬೇಕು. ಒಂದೆರಡು ದಿನದ ಓಡಾಟದಲ್ಲಿ ಮುಗಿಯುವ ಈ ಕೆಲಸವನ್ನು ನಾವು ಅಂದು ಮಾಡಲಿಲ್ಲ.

ಈ ನೆನಪನ್ನು ಹೊತ್ತೇ ನಾವು ಶಿವಮೊಗ್ಗಕ್ಕೆ ಹೋದೆವು. ಜೊತೆಗೆ ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಿತ್ರರನ್ನೂ ಕರೆದೊಯ್ದೆವು. ಕಾರು ಕೆಂಪು ಬಣ್ಣದಿಂದ ಥಳಥಳಿಸುತ್ತಿತ್ತು. ಹುಡುಗನ ಕಣ್ಣು ಬಣ್ಣದ ಮೇಲಿದ್ದರೆ ಮಿತ್ರರು ಟಾರ್ಚು ಹಿಡಿದು ನೆಲದ ಮೇಲೆ ಮಲಗಿಯೇಬಿಟ್ಟರು. "ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಅದನ್ನು ಹೊತ್ತಿರುವುದು ಕಬ್ಬಿಣವೇ ತಾನೇ?" ಎಂದು ಅಡಿಗಟ್ಟನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣದ ನಾದವೇ ಬೇರೆ, ತುಕ್ಕು ತಿಂದದ್ದರ ಮಂಕು ಸದ್ದೇ ಬೇರೆ.

ಬಳಿಕ ಅವರು ಕಾಲಡಿಯ ಚಾಪೆಯನ್ನೆತ್ತಿ ಕೈಯಿಟ್ಟು ನೋಡಿದರು. ಅದು ತೇವವಾಗಿತ್ತು. ಮಡಚುವ ಛಾವಣಿಯ ಅಂಚಿನ ರಬ್ಬರು ಒಣಗಿ ಬಿರುಕುಬಿಟ್ಟಿದ್ದರೆ ಮಳೆಯ ನೀರು ಒಳಗಿಳಿಯುತ್ತದೆ. ನೀರು ಹೊರಹೋಗುವ ರಂಧ್ರಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ಅದು ಒಳಗೇ ನಿಂತು ವಿದ್ಯುತ್ ತಂತಿಗಳನ್ನೂ ನೆಲವನ್ನೂ ಕೆಡಿಸುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಆಯನೂರಿನ ಮಳೆಗೆ ಇದು ಸಣ್ಣ ಮಾತಲ್ಲ. ಸ್ಥಿರವಾದ ಛಾವಣಿಯಿಲ್ಲದ ಕಾರಿನ ದೇಹಕ್ಕೆ ಬಿಗಿ ಕಡಿಮೆ. ಬಾಗಿಲು ಸಲೀಸಾಗಿ ಕೂರದೆ ಜೋತುಬಿದ್ದಿದ್ದರೆ ದೇಹವೇ ಸಡಿಲಗೊಂಡಿದೆಯೆಂದು ಅನುಮಾನಿಸಬೇಕು. ಈ ಕಾರಿನ ಬಾಗಿಲುಗಳು ಮಾತ್ರ ಸರಿಯಾಗಿದ್ದವು. ತಣ್ಣಗಿರುವಾಗಲೇ ಎಂಜಿನನ್ನು ಚಾಲನೆ ಮಾಡಿಸಿದೆವು. ಎಣ್ಣೆ ಸುಡುತ್ತಿರುವುದನ್ನು ಸೂಚಿಸುವ ನೀಲಿ ಹೊಗೆ ಬರಲಿಲ್ಲ. ಟೈರಿನ ಮೈಮೇಲೆ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ನೋಡಲು ಹೊಸದರಂತಿದ್ದ ಆ ಟೈರುಗಳು ಹನ್ನೊಂದು ವರ್ಷ ಹಳೆಯವಾಗಿದ್ದವು!

ಕೊನೆಗೆ ಆರ್.ಸಿ. ಪುಸ್ತಕವನ್ನು ಕೇಳಿದೆವು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಹೊಂದಿಕೆಯಾದವು. ಹದಿನೈದು ವರ್ಷ ತುಂಬಿದ ಮೇಲೆ ಮಾಡಿಸಬೇಕಾದ ನವೀಕರಣವೂ ಆಗಿತ್ತು. ಆದರೆ ಕಾರು ಕೊಳ್ಳುವಾಗ ಪಡೆದ ಸಾಲದ ಅಡಮಾನದ ನಮೂದು ಇನ್ನೂ ಹಾಗೆಯೇ ಇತ್ತು. "ಸ್ವಾಮಿ, ಸಾಲ ತೀರಿ ಹತ್ತು ವರ್ಷದ ಮೇಲಾಯಿತು" ಎಂದು ಆ ಗೃಹಸ್ಥರು ಚಕಿತರಾದರು. ಅವರು ಸುಳ್ಳಾಡುವವರಲ್ಲ. ಆದರೆ ಸಾಲ ತೀರುವುದು ಬೇರೆ, ಸಾಲದ ನಮೂದು ಅಳಿಯುವುದು ಬೇರೆ. ಸಾಲ ಕೊಟ್ಟವರ ಪತ್ರವನ್ನೂ 35ನೆಯ ನಮೂನೆಯನ್ನೂ ಕಛೇರಿಗೆ ಸಲ್ಲಿಸಿ ಅದನ್ನು ತೆಗೆಸಬೇಕು.

ಹುಡುಗನು ಮುಂಗಡ ಹಣವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದನು. "ದೊಡ್ಡಪ್ಪ, ಇಷ್ಟು ಚೆನ್ನಾಗಿದೆ, ಬೇರೆಯವರು ಒಯ್ದುಬಿಟ್ಟರೆ?" ಎಂದನು. "ಒಯ್ದರೆ ಒಯ್ಯಲಿ, ಮಗಾ. ಇನ್ನೊಬ್ಬರ ಸಾಲದ ಹೆಸರು ಹೊತ್ತ ಗಾಡಿ ನಮ್ಮ ಅಂಗಳಕ್ಕೆ ಬೇಡ" ಎಂದೆವು. ನಂತರ ಜೀಪಿನ ಕಥೆಯನ್ನು ಮೊದಲ ಬಾರಿಗೆ ಅವನಿಗೆ ಪೂರ್ಣವಾಗಿ ಹೇಳಿದೆವು. ಹಿಂದಿರುಗುವ ದಾರಿಯಲ್ಲಿ ಅವನು ಆಯನೂರಿನವರೆಗೂ ಮಾತನಾಡಲಿಲ್ಲ.

ಎರಡು ತಿಂಗಳು ಕಾದದ್ದಾಯಿತು. ಆ ಗೃಹಸ್ಥರು ಅಡಮಾನದ ನಮೂದನ್ನು ತೆಗೆಸಿದರು. ಹೊಸ ರಬ್ಬರು ಮತ್ತು ಟೈರುಗಳ ಖರ್ಚನ್ನು ಬೆಲೆಯಲ್ಲಿ ಇಳಿಸಿದರು. ಇಬ್ಬರೂ ಒಟ್ಟಿಗೆ ಕಛೇರಿಗೆ ಹೋಗಿ ಅರ್ಜಿ ಸಲ್ಲಿಸಿದರು. ತನ್ನ ಹೆಸರಿನ ಆರ್.ಸಿ. ಕೈಗೆ ಬಂದ ಮೇಲೆಯೇ ಹುಡುಗನು ಕಾರನ್ನು ಆಯನೂರಿಗೆ ತಂದನು. ಬಿಡಿಭಾಗಗಳು ಸುಲಭವಾಗಿ ಸಿಗದೆಂಬುದನ್ನು ತಿಳಿದೇ ಕೊಂಡಿದ್ದಾನೆ; ಸಂಸಾರದ ಓಡಾಟಕ್ಕೆ ಮನೆಯ ಹಳೆಯ ಕಾರನ್ನು ಉಳಿಸಿಕೊಂಡಿದ್ದಾನೆ. ಬೇಡವೆನ್ನಲು ಹೊರಟಿದ್ದ ನಾವು ಆಗ ಬೇಡವೆನ್ನಲಿಲ್ಲ. ಸ್ವಂತ ದುಡಿಮೆಯ ಹಣದಲ್ಲಿ, ಸಾಲವಿಲ್ಲದೆ, ಮನೆಯವರಿಗೆ ಕೊರತೆಯಾಗದಂತೆ ಪೂರೈಸಿಕೊಂಡ ಆಸೆಯನ್ನು ತಪ್ಪೆಂದು ಹೇಗೆ ಹೇಳುವುದು? ಆತುರ ತಪ್ಪು, ಸಂಕೋಚದ ಮೌನವೂ ತಪ್ಪು.

ಮೊದಲ ಭಾನುವಾರ ಅವನು ನಮ್ಮನ್ನು ಕೂರಿಸಿಕೊಂಡು ಕುಂಸಿಯವರೆಗೆ ಹೋಗಿಬಂದನು. ಹೆಗಲ ಮೇಲಿನ ಶಲ್ಯವನ್ನು ಎರಡೂ ಕೈಗಳಿಂದ ಹಿಡಿದುಕೊಂಡೇ ಕುಳಿತಿದ್ದೆವು. ದಾರಿಯಲ್ಲಿ ಸೈಕಲ್ ಸವಾರರೊಬ್ಬರು ಎದುರಾದಾಗ ನಾವು ಹೇಳುವ ಮೊದಲೇ ಅವನು ವೇಗವನ್ನು ತಗ್ಗಿಸಿದನು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಮನೆಯಿಂದ ಎಂದೋ ಮಾರಿಹೋದ ವಾಹನವೊಂದು ಇನ್ನೂ ನಿಮ್ಮ ಹೆಸರಿನಲ್ಲೇ ಓಡುತ್ತಿರಬಹುದು. ಕೊಂಡವರನ್ನು ಇಂದೇ ಕೇಳಿರಿ. ಅದು ಅಪನಂಬಿಕೆಯಲ್ಲ. ದಾರಿಯಲ್ಲಿ ಹೋಗುವ ಅಪರಿಚಿತರಿಗೆ ನಾವು ಸಲ್ಲಿಸಬೇಕಾದ ಕರ್ತವ್ಯವದು.