ನಿಮಗಿದು ಗೊತ್ತೆ? ಒಣಮರದ ಅಣಬೆಯ ಗುರುತು ಅದರ ಅಡಿಯಲ್ಲಿದೆ!

ಮಳೆಗಾಲದಲ್ಲಿ ಚಿಂತಾಮಣಿ ಕಡೆಯ ಮಾವಿನ ತೋಪುಗಳಲ್ಲಿ ಬಿದ್ದಿರುವ ಒಣಕೊಂಬೆಗಳನ್ನು ಗಮನಿಸಿ. ಮರದ ಅಣಬೆ ಕಂಡರೆ ಅದರ ತಳಭಾಗ ನೋಡುವುದೇ ಗುರುತಿಸುವ ಮೊದಲ ಹೆಜ್ಜೆ.

● ಬೂದುಬಿಳುಪಿನ, ನವಿರು ರೋಮದ ಪುಟ್ಟ ಬೀಸಣಿಗೆಯಾಕಾರ. ಅಡಿಯಲ್ಲಿ ಉದ್ದಕ್ಕೂ ಸೀಳಿದ ಪದರಗಳು: ಇದು ಸ್ಕಿಜೋಫಿಲಮ್ ಕಮ್ಯೂನ್. ಬಿಸಿಲಿಗೆ ಪದರಗಳು ಸುರುಳಿಯಾಗುತ್ತವೆ. ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಂಡು ಬೀಜಕಣ ಚೆಲ್ಲುತ್ತವೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದರ ವಾಸವಿದೆ.

● ಮರದ ಬುಡದಲ್ಲಿ ವಾರ್ನಿಷ್ ಬಳಿದಂತೆ ಹೊಳೆಯುವ ಗಟ್ಟಿ ಅಣಬೆ, ಅಡಿಯಲ್ಲಿ ಪದರದ ಬದಲು ಸೂಕ್ಷ್ಮ ರಂಧ್ರಗಳು, ಕಂದು ಪುಡಿ: ಅದು ಗ್ಯಾನೊಡರ್ಮಾ ಇರಬಹುದು.

● ಮರದ ಮೇಲೆ ಬೆಳೆದದ್ದೆಲ್ಲ ತಿನ್ನಲು ಯೋಗ್ಯವೆಂಬುದು ತಪ್ಪು. ಬೇರೆ ದೇಶಗಳ ಒಣಮರಗಳಲ್ಲಿ ಬೆಳೆಯುವ ಗ್ಯಾಲರೀನಾ ಮಾರ್ಜಿನೇಟಾದ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ, ಕುದಿಸಿದರೂ ಹೋಗದು. ತಜ್ಞರು ಗುರುತಿಸದ ಕಾಡು ಅಣಬೆಯನ್ನು ಖಂಡಿತ ತಿನ್ನಬೇಡಿ.