ಕಾಡಿಗೆಯ ಅಕ್ಷರ

ಔಡಲೆಣ್ಣೆಯ ದೀಪದ ಮೇಲೆ ತಾಟು ಬೋರಲು ಹಾಕಿಟ್ಟರೆ ಬೆಳಗಿನ ಹೊತ್ತಿಗೆ ಅದರ ಒಳಮೈಗೆ ಮಸಿ ಕಟ್ಟಿರುತ್ತದೆ. ಗೊಬ್ಬೂರ ಸೀಮೆಯ ಅಜ್ಜಿಯರಿಗೆ ಅದು ಕೂಸಿನ ಕಣ್ಣಿಗೆ ಹಚ್ಚುವ ಕಾಡಿಗೆ. ಓಲೆಗರಿ ಬರೆಯುವವರಿಗೂ ಅದೇ ಬೇಕಾಗಿತ್ತು. ಕಂಠವೆಂಬ ಮೊನಚು ಕಡ್ಡಿಯಿಂದ ಗರಿಯ ಮೇಲೆ ಕೊರೆದ ಅಕ್ಷರ ಮೊದಲು ಬರೀ ಗೀರು, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಮೇಲೆ ಸವರಿ, ಬಟ್ಟೆಯಿಂದ ಒರೆಸಬೇಕು. ಮೇಲಿನ ಮಸಿ ಬಟ್ಟೆಗೆ ಹೋಗುತ್ತದೆ, ಗೀರಿನೊಳಗಿನದು ನಿಲ್ಲುತ್ತದೆ. ಆಗ ಓಲೆ ಓದಿಗೆ ಬರುತ್ತದೆ.

ಈ ಮಸಿ ಹೆಚ್ಚುಕಡಿಮೆ ಅಪ್ಪಟ ಇಂಗಾಲ. ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಕರಗುವುದಿಲ್ಲ. ಕೆಡುವುದು ಗರಿ. ಧೂಳು, ಹೊಗೆ, ಮತ್ತೆ ಮತ್ತೆ ಸವರಿದ ಎಣ್ಣೆ ಎಲ್ಲ ಸೇರಿ ಗರಿಯೂ ಕಪ್ಪಾದ ಮೇಲೆ ಓದುವುದೇನನ್ನು?

ಉಡುಪಿಯ ಪಲಿಮಾರು ಮಠದಲ್ಲಿರುವ ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ಕಟ್ಟು ಇಂಥದೇ ಸ್ಥಿತಿಗೆ ಬಂದಿತ್ತು. ಸುಮಾರು 700 ವರ್ಷ ಹಳೆಯದೆನ್ನುವ ಓಲೆಗಳು. ಅವುಗಳಲ್ಲಿ 36 ಕೃತಿಗಳು. 2006ರ ಸುಮಾರಿಗೆ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವುಗಳ ಚಿತ್ರ ತೆಗೆದರು. ಈಸ್ಟನ್ ಅದಕ್ಕೂ ಮೊದಲು ಆರ್ಕಿಮಿಡೀಸನ ಅಳಿಸಿಹೋದ ಬರಹವನ್ನು ಓದಿಸಿದ ತಂಡದಲ್ಲಿದ್ದವರು. ಇಲ್ಲಿ ಕೈಹಿಡಿದದ್ದು ಅವಕೆಂಪು ಬೆಳಕು. ನಮ್ಮ ಕಣ್ಣಿಗೆ ಮುದಿ ಗರಿಯೂ ಕಪ್ಪು, ಮಸಿಯೂ ಕಪ್ಪು. ಅವಕೆಂಪು ಬೆಳಕನ್ನು ಗರಿಯ ಕಂದು ಕಲೆ ಅಷ್ಟಾಗಿ ಹೀರುವುದಿಲ್ಲ, ಇಂಗಾಲ ಮಾತ್ರ ಬಿಡದೆ ಹೀರುತ್ತದೆ. ಕ್ಯಾಮೆರಾದಲ್ಲಿ ಗರಿ ಬೆಳ್ಳಗಾಗಿ ಅಕ್ಷರ ಎದ್ದು ಕಾಣುತ್ತದೆ. ಯುರೋಪಿನ ಹಳೆಯ ಕಾಗದಗಳ ಕಬ್ಬಿಣದ ಶಾಯಿಗೆ ಈ ಉಪಾಯ ನಡೆಯದು. ಅದು ಅವಕೆಂಪಿನಲ್ಲಿ ತಾನೇ ಮಾಯವಾಗುತ್ತದೆ.

ನಮ್ಮ ಬಟ್ಟೆಯ ಕಡತಗಳದ್ದು ಓಲೆಗೆ ತಿರುವುಮುರುವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಲ್ಲಿ ಇಂಗಾಲವೇ ಹಲಗೆ.

ಯಾವುದನ್ನು ಸುಟ್ಟ ಮಸಿ ಎಂಬುದನ್ನೂ ಕಂಡುಹಿಡಿಯಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದೀಪದ ಮಸಿ ಸಣ್ಣ ಸಣ್ಣ ಗುಂಡುಗಳ ಸರ, ಕಟ್ಟಿಗೆಯ ಇದ್ದಿಲು ಮೊನಚು ಚೂರು. ರಾಮನ್ ಪರಿಣಾಮದ ಯಂತ್ರದಲ್ಲಿ ಎರಡೂ ಸುಮಾರು 1350 ಮತ್ತು 1580 ಸೆಂ.ಮೀ.⁻¹ ಬಳಿ ಅಗಲವಾದ ಎರಡು ದಿಬ್ಬಗಳನ್ನು ತೋರಿಸುತ್ತವೆ. ಎಲುಬು ಸುಟ್ಟ ಮಸಿಯಾಗಿದ್ದರೆ 960ರ ಬಳಿ ಫಾಸ್ಫೇಟಿನ ಇನ್ನೊಂದು ಗುರುತು ಸಿಗುವುದುಂಟು.

ವಯಸ್ಸು ಹೇಳುವುದೇ ಕಷ್ಟ. ಔಡಲ ಬೀಜ ಆ ವರ್ಷದ ಬೆಳೆ, ಹಾಗಾಗಿ ಅದರ ಮಸಿಯಲ್ಲಿರುವ ವಿಕಿರಣ ಇಂಗಾಲದ ಲೆಕ್ಕ ನಂಬಬಹುದು. ಆದರೆ ಗೀರಿನ ಮಸಿ ಸವೆದು ಅಕ್ಷರ ಮಸುಕಾದಾಗಲೆಲ್ಲ ಮನೆಯವರು ಹೊಸ ಮಸಿ ಸವರುತ್ತಿದ್ದರು. ಗೀರು ಅಜ್ಜನ ಕಾಲದ್ದು, ಮಸಿ ಮೊಮ್ಮಗನದು. ಮೊಮ್ಮಗನೇನಾದರೂ ಸೀಮೆಎಣ್ಣೆ ಚಿಮಣಿಯ ಮಸಿ ಬಳಿದಿದ್ದರೆ ಮುಗಿಯಿತು: ನೆಲದಡಿಯ ಎಣ್ಣೆಯಲ್ಲಿ ವಿಕಿರಣ ಇಂಗಾಲ ಉಳಿದೇ ಇರುವುದಿಲ್ಲ, ನೂರು ವರ್ಷದ ಓಲೆಗೆ ಯಂತ್ರ ಹತ್ತಾರು ಸಾವಿರ ವರ್ಷ ವಯಸ್ಸು ಕಟ್ಟುತ್ತದೆ.